ಕೀಲಿ ಕೋರ್ಸಿನ ಉಸ್ತಾದ್

ಉಸ್ತಾದರ ಕೈ ನನ್ನ ಕೆನ್ನೆಯ ಮೇಲೆ ಎರಡು ಸಲ ಬಿದ್ದಿದೆ. ಮೊದಲನೆಯದು ಸಿಂಧನೂರಿನ ಒಂದು ಹಿಟ್ಟಿನ ಗಿರಣಿಯಲ್ಲಿ. ನನಗಾಗ ಮದುವೆಯಾಗಿ ಎರಡು ಮಕ್ಕಳಿದ್ದವು, ವೈರಿಂಗ್ ಕೆಲಸದ ಪರವಾನಗಿಯೂ ಇತ್ತು. ಗಿರಣಿಯ ಸ್ವಿಚ್ ಪೆಟ್ಟಿಗೆ ತೆರೆದು, ತಂತಿಯಲ್ಲಿ ಕರೆಂಟ್ ಇದೆಯೋ ಇಲ್ಲವೋ ನೋಡಲು ಅದಕ್ಕೆ ಹಿಂಗೈ ತಾಗಿಸಿದೆ. ಅಂಗೈಯಿಂದ ಮುಟ್ಟಿದರೆ ಬೆರಳು ಬಿಗಿದು ತಂತಿಯನ್ನು ಹಿಡಿದುಕೊಳ್ಳುತ್ತವೆ, ಹಿಂಗೈ ಆದರೆ ತಾನೇ ಹಿಂದಕ್ಕೆ ಚಿಮ್ಮುತ್ತದೆ. ಇದು ಗೊತ್ತಿದೆ ಎಂಬ ಹೆಮ್ಮೆ ನಮ್ಮ ಕಸುಬಿನಲ್ಲಿ ಅನೇಕರಿಗಿದೆ, ನನಗೂ ಇತ್ತು. ಏಟು ಎಲ್ಲಿಂದ ಬಂತೆಂದು ಗೊತ್ತಾಗಲಿಲ್ಲ. ಕನ್ನಡಕ ಹಾರಿ ಜೋಳದ ಹಿಟ್ಟಿನಲ್ಲಿ ಬಿತ್ತು. ಡಬ್ಬಿ ಹಿಡಿದು ಸಾಲಿನಲ್ಲಿ ನಿಂತಿದ್ದ ಹೆಂಗಸರು ಒಂದು ಹೆಜ್ಜೆ ಹಿಂದೆ ಸರಿದರು.

"ಟೆಸ್ಟರ್ ಎಲ್ಲೈತಲೇ?"

"ಕಿಸೇದಾಗ ಐತ್ರೀ."

"ಕಿಸೇದಾಗ ಇದ್ರ ಅದು ಪೆನ್ನು. ಕೈಯಾಗ ಇದ್ರ ಟೆಸ್ಟರ್."

ಅವರ ಬಲಗೈಯಲ್ಲಿ ಮೂರೇ ಬೆರಳಿದ್ದವು. ವಯಸ್ಸಿನಲ್ಲಿದ್ದಾಗ ಮುದಗಲ್ ಕಡೆ ಒಂದು ಕಂಬದ ಮೇಲೆ ಉಳಿದೆರಡನ್ನು ಕಳೆದುಕೊಂಡಿದ್ದರು. ಹಾಗಾಗಿ ಅವರು ಹೊಡೆದರೆ ಕೆನ್ನೆಯ ಮೇಲೆ ಮೂರು ಬಾಸುಂಡೆ ಏಳುತ್ತಿದ್ದವು. ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಎಷ್ಟೋ ವೈರ್‌ಮನ್‌ಗಳು ಆ ಗುರುತು ಹೊತ್ತು ಮನೆಗೆ ಹೋಗಿದ್ದಾರೆ. ಬಾಗಿಲಲ್ಲೇ ಹೆಂಡಂದಿರು ಕೇಳುತ್ತಿದ್ದರು: "ಇವತ್ತು ಉಸ್ತಾದ್ ಸಿಕ್ಕಿದ್ರೇನು?"

ಇದನ್ನು ಹೊಗಳಿಕೆಗೆ ಬರೆಯುತ್ತಿಲ್ಲ. ಹೊಡೆತ ಪಾಠವಲ್ಲ ಎಂದು ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ಆ ಕೈ ಕೊನೆಗೆ ಅವರಿಂದಲೇ ಏನನ್ನು ಕಸಿದುಕೊಂಡಿತು ಎಂಬುದು ಮುಂದೆ ಬರುತ್ತದೆ. ಹೋದ ತಿಂಗಳು ಮಸ್ಕಿಯ ತಮ್ಮ ಮನೆಯಲ್ಲಿ, ಮಧ್ಯಾಹ್ನ ಊಟ ಮಾಡಿ ಮಲಗಿದ ಉಸ್ತಾದ್ ಏಳಲಿಲ್ಲ. ಮಣ್ಣಿಗೆ ಬಂದವರಲ್ಲಿ ಮುಕ್ಕಾಲು ಜನ ಅವರಿಂದ ಹೊಡೆತ ತಿಂದವರು.

ಹೆಸರು ಬರೆಯುವುದಿಲ್ಲ. ಅವರನ್ನು ಯಾರೂ ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ಹಣೆಯ ಮೇಲೆ ದಿನವೂ ವಿಭೂತಿ ಇರುತ್ತಿದ್ದ ಮನೆತನ. ಆದರೆ ಕಸುಬಿನಲ್ಲಿ ಕೈ ಪಳಗಿದವನು ಯಾರೇ ಆಗಲಿ, ನಮ್ಮ ಕಡೆ ಉಸ್ತಾದ್. ಗಿಡ್ಡ ಆಳು, ಒಣ ಮೈ. ಸ್ವಿಚ್ ಬೋರ್ಡಿನ ಮುಂದೆ ನಿಂತರೆ ಎಡಗೈ ತಾನಾಗಿ ಬೆನ್ನ ಹಿಂದೆ ಹೋಗಿ ಪ್ಯಾಂಟಿನ ಪಟ್ಟಿಗೆ ಸಿಕ್ಕಿಕೊಳ್ಳುತ್ತಿತ್ತು. ಎರಡೂ ಕೈ ಮುಂದಿಟ್ಟರೆ ಕರೆಂಟ್ ಒಂದರಿಂದ ಹೊಕ್ಕು ಎದೆ ದಾಟಿ ಇನ್ನೊಂದರಿಂದ ಹೋಗುತ್ತದೆ. "ಒಂದ ಕೈಲೆ ಆಗೂ ಕೆಲಸಕ್ಕ ಎರಡು ಯಾಕ ಕೊಡ್ತಿ?" ಎನ್ನುತ್ತಿದ್ದರು. ಈ ರೂಢಿ ಎಷ್ಟು ಬಲಿತಿತ್ತೆಂದರೆ ಗುಡಿಯಲ್ಲಿ ಮಂಗಳಾರತಿಯನ್ನೂ ಒಂದೇ ಕೈಯಿಂದ ತೆಗೆದುಕೊಳ್ಳುತ್ತಿದ್ದರು. ಪೂಜಾರಿ ಗುರ್ರೆಂದು ನೋಡುತ್ತಿದ್ದ.

ಒಮ್ಮೆ ಅಮರೇಶನ ಬೆಳ್ಳಿ ಉಡದಾರ ಬಿಚ್ಚಿಸಿದರು. ಅಮರೇಶ ನಮ್ಮಲ್ಲಿ ಎಲ್ಲರಿಗಿಂತ ಚುರುಕು ಕೈಯ ವೈರ್‌ಮನ್, ನಗುವಿನ ಮನುಷ್ಯ. ಅವನೂ ಅವನ ಅಣ್ಣ ಬಸಣ್ಣನೂ ಸಿಂಧನೂರಿನಲ್ಲಿ ಜೊತೆಯಾಗಿ ಕೆಲಸ ಹಿಡಿಯುತ್ತಿದ್ದರು. ಬಗ್ಗಿದಾಗ ಸೊಂಟದ ಬೆಳ್ಳಿ ತಂತಿಗೆ ತಾಗುತ್ತದೆ ಎಂಬುದು ಉಸ್ತಾದರ ಮಾತು. ಆದರೆ ನಮ್ಮ ಕಡೆ ಗಂಡಸಿನ ಉಡದಾರ ಬಿಚ್ಚುವುದು ಹೆಣಕ್ಕೆ ನೀರು ಹಾಕುವಾಗ. ಮಾರನೆಯ ದಿನ ಅಮರೇಶನ ತಾಯಿ ಚಪ್ಪಲಿ ಹಿಡಿದು ಉಸ್ತಾದರ ಅಂಗಡಿಗೇ ಬಂದಳು.

"ನನ್ನ ಮಗ ಜೀವಂತ ಇರೂವಾಗ ಉಡದಾರ ಬಿಚ್ಚಿಸ್ತಿಯೇನಲೇ, ನಿನ್ನ ಕೈ ಸೇದಿಹೋಗ್ಲಿ!"

"ಈಗ ನಾ ಬಿಚ್ಚಸ್ಲಿಲ್ಲಂದ್ರ ಆಮ್ಯಾಲ ನೀ ಬಿಚ್ಚಬೇಕಾಗ್ತೈತಿ, ಯವ್ವಾ."

ಆಕೆ ಎರಡೇಟು ಹಾಕಿದಳು, ಭುಜಕ್ಕೊಂದು, ತಲೆಗೊಂದು. ಅಷ್ಟು ಜನರಿಗೆ ಹೊಡೆದ ಮನುಷ್ಯ ಕದಲದೆ ನಿಂತಿದ್ದರು. ಆಕೆಯ ಉಸಿರು ಸಮಕ್ಕೆ ಬಂದ ಮೇಲೆ ಕಿಸೆಯಿಂದ ಒಂದು ಕರಿ ದಾರ ತೆಗೆದು ಕೊಟ್ಟರು. "ಇದನ್ನ ಕಟ್ಟು. ದೇವ್ರಿಗೂ ನಡೀತೈತಿ, ಕರೆಂಟಿಗೂ ನಡೀತೈತಿ."

ನಮ್ಮ ಮೂರೂ ಊರಿನ ವೈರ್‌ಮನ್‌ಗಳದು ಒಂದು ಸಣ್ಣ ಸಂಘವಿದೆ. ನಾನು ಅದರ ಕಾರ್ಯದರ್ಶಿ. ಒಮ್ಮೆ ಪರವಾನಗಿ ಸಿಕ್ಕಿತೆಂದು ಕಲಿಯುವುದನ್ನು ಬಿಡಬಾರದು, ವರ್ಷಕ್ಕೊಂದು ಕೋರ್ಸ್‌ಗೆ ಎಲ್ಲರೂ ಕೂರಬೇಕು ಎಂಬುದು ನಾವೇ ಮಾಡಿಕೊಂಡ ನಿಯಮ. ಯಾವ ಕೋರ್ಸ್ ಎಂದು ನೋಡಿ ಬರುವ ಕೆಲಸ ಉಸ್ತಾದರದು, ಪತ್ರ ಬರೆಯುವ ಕೆಲಸ ನನ್ನದು. ಹೀಗಾಗಿ ಅವರ ಬೈಕಿನ ಹಿಂದೆ ಕೂತು ನಾನು ಬಹಳ ಊರು ತಿರುಗಿದ್ದೇನೆ. ಸ್ಮಾರ್ಟ್ ಮೀಟರ್ ಕೋರ್ಸ್, ಸಿಸಿ ಕ್ಯಾಮೆರಾ ಕೋರ್ಸ್, ಇನ್ವರ್ಟರ್ ಕೋರ್ಸ್. ಕರಪತ್ರಗಳನ್ನು ಅವರು ಓದುತ್ತಲೇ ಇರಲಿಲ್ಲ. ಕಲಿಸುವವರ ಕೈ ನೋಡುತ್ತಿದ್ದರು. ನಮಸ್ಕಾರ ಮಾಡುವ ನೆಪದಲ್ಲಿ ಎರಡೂ ಕೈ ಹಿಡಿದುಕೊಂಡು ಬೆರಳು ಎಣಿಸುತ್ತಿದ್ದರು. ಗಾಯದ ಕೈಯಾದರೆ ಅನುಭವಸ್ಥ ಎಂದು ನಾನು ತಿಳಿದಿದ್ದೆ. ಅವರ ಲೆಕ್ಕ ಬೇರೆ. "ನನ್ನಂಗ ಕಳಕೊಂಡವ್ರ ಕಡೆ ಕಲಿಯೂದು ಏನೈತಿ? ಮೂವತ್ತು ವರ್ಷ ಕೆಲಸ ಮಾಡಿ ಹತ್ತೂ ಉಳಿಸಿಕೊಂಡಾನಲ್ಲ, ಅವನ ಕಡೆ ಕಲಿಬೇಕು."

ಲಿಂಗಸುಗೂರಿನಲ್ಲಿ ಒಬ್ಬ ಕೋರ್ಸಿನವನು ಪ್ರೊಜೆಕ್ಟರ್ ಹಚ್ಚಿ ಬಣ್ಣಬಣ್ಣದ ಚಿತ್ರ ತೋರಿಸುತ್ತಿದ್ದ. ಉಸ್ತಾದ್ ಎದ್ದು ಹೋಗಿ ಪ್ಲಗ್ ಕಿತ್ತರು. ಗೋಡೆ ಕಪ್ಪಾಯಿತು.

"ಈಗ ಕಲಸ್ರಿ."

"ಕರೆಂಟ್ ತೆಗೆದ್ರೆ ಹೇಗೆ ಸಾರ್ ಕಲಿಸೋದು?"

"ಕರೆಂಟ್ ಇದ್ದಾಗ ಕೈ ಹಾಕಾಕ ಯಾವ ಮಗನಿಗೂ ಬರ್ತೈತಿ. ಕರೆಂಟ್ ತೆಗಿಯೂದು, ತೆಗದಿದ್ದನ್ನ ತೆಗದಂಗ ಇಡೂದು ನಮ್ಗ ಬೇಕಾಗೈತಿ. ಅದು ಐತೇನು ನಿಮ್ಮ ಕಡೆ?"

ಅದು ಇರಲಿಲ್ಲ. ಎರಡು ವರ್ಷ ಹುಡುಕಿದ ಮೇಲೆ ಸಿಕ್ಕಿತು. ಲಿಂಗಸುಗೂರಿನ ಹತ್ತಿರ ಗಣಿ ಕೆಲಸದಲ್ಲಿ ಎಲೆಕ್ಟ್ರಿಷಿಯನ್ ಆಗಿ ನಿವೃತ್ತರಾದ ಒಬ್ಬ ಹಿರಿಯರು ಎರಡು ದಿನದ ಒಂದು ಪಾಠ ಮಾಡುತ್ತಿದ್ದರು. ಕೆಲಸಕ್ಕೆ ಇಳಿಯುವವನು ಮೊದಲು ಮೇನ್ ಸ್ವಿಚ್ ಬಂದ್ ಮಾಡಬೇಕು, ಅದರ ಹಿಡಿಗೆ ತನ್ನದೇ ಕೀಲಿ, ಅಂದರೆ ಬೀಗ, ಜಡಿಯಬೇಕು, ಕೀಲಿಕೈ ತನ್ನ ಕಿಸೆಯಲ್ಲಿಟ್ಟುಕೊಳ್ಳಬೇಕು. ಆಮೇಲೆ ಸ್ವಿಚ್ಚಿನವನಿಂದ ಹಿಡಿಯನ್ನು ಎತ್ತಿಸಿ ನೋಡಬೇಕು, ಅದು ಮೇಲೇಳಬಾರದು. ಅಷ್ಟೇ ಪಾಠ. ಉಸ್ತಾದ್ ಅವರ ಕೈ ಹಿಡಿದು ಬಹಳ ಹೊತ್ತು ಬಿಡಲಿಲ್ಲ. ಹೊರಗೆ ಬಂದು ಹೇಳಿದರು: "ಹತ್ತೂ ಅದಾವ."

ಈ ಪಾಠ ನಮಗೇಕೆ ಬೇಕಿತ್ತು ಎಂಬುದಕ್ಕೆ ನಮ್ಮ ಕಡೆಯ ಒಂದು ರೂಢಿ ಹೇಳಬೇಕು. ಅಕ್ಕಿ ಗಿರಣಿಯಲ್ಲಿ ಸ್ವಿಚ್ ಒಂದು ಕಡೆ, ಮೋಟಾರ್ ಇನ್ನೊಂದು ಕಡೆ. ನಡುವೆ ಮಿಲ್ಲಿನ ಸದ್ದು. ಕೂಗಿದರೆ ಕೇಳುವುದಿಲ್ಲ, ಫೋನಿನಲ್ಲಿ ಮಾತಾಡಿದರೂ ಕೇಳುವುದಿಲ್ಲ. ಅದಕ್ಕೆ ಮಿಸ್ ಕಾಲ್. ಮೋಟಾರಿನ ಹತ್ತಿರ ಕೆಲಸ ಮಾಡುವವನಿಂದ ಒಂದು ಮಿಸ್ ಕಾಲ್ ಬಂದರೆ ಸ್ವಿಚ್ಚಿನ ಹತ್ತಿರ ನಿಂತವನು ಕರೆಂಟ್ ಬಂದ್ ಮಾಡುತ್ತಾನೆ. ಕೆಲಸ ಮುಗಿದ ಮೇಲೆ ಇನ್ನೊಂದು ಬಂದರೆ ಚಾಲೂ ಮಾಡುತ್ತಾನೆ. ನಾವೆಲ್ಲ ಹಾಗೇ ಮಾಡುತ್ತಿದ್ದೆವು. ಉಸ್ತಾದರ ಕೈ ನನ್ನ ಕೆನ್ನೆಗೆ ಎರಡನೆಯ ಸಲ ಬಿದ್ದದ್ದು ಇದಕ್ಕೇ. ನಾನು ಮಿಸ್ ಕಾಲ್ ಕೊಟ್ಟು ಫೋನ್ ಕಿಸೆಗೆ ಇಳಿಸುತ್ತಿದ್ದುದನ್ನು ಕಂಡರು. "ನಿನ್ನ ಜೀವ ಟವರಿನ ಕೈಯಾಗ ಕೊಟ್ಟಿಯೇನಲೇ?" ಎಂದರು. ನನ್ನ ತುಟಿ ಒಡೆದಿತ್ತು. ನಾಲ್ಕು ದಿನ ಮಾತಾಡಿಸಲಿಲ್ಲ. ಐದನೆಯ ದಿನ ಮತ್ತೆ ಮಿಸ್ ಕಾಲ್ ಕೊಟ್ಟೇ ಕೆಲಸ ಮಾಡಿದೆ.

ಆ ವರ್ಷ ಕೋರ್ಸ್ ಆರಿಸುವ ಸಭೆ ಮಸ್ಕಿಯಲ್ಲಿ ಸೇರಿತು. ಎದುರಿಗೆ ಎರಡು ಕೋರ್ಸ್. ಒಂದು ಸೋಲಾರ್ ಪಂಪಿನ ಕೋರ್ಸ್: ಮೂರು ದಿನ, ಊಟ, ಬ್ಯಾಗು, ಫೋಟೋ ಇರುವ ಸರ್ಟಿಫಿಕೇಟು. ಇನ್ನೊಂದಕ್ಕೆ ಕರಪತ್ರವೂ ಇರಲಿಲ್ಲ. ಉಸ್ತಾದರೇ ನೋಟ್‌ಬುಕ್ಕಿನ ಹಾಳೆಯ ಮೇಲೆ ಬರೆದು ತಂದಿದ್ದರು. ಅದಕ್ಕೆ ಆಗಲೇ ಎಲ್ಲರೂ ಕೀಲಿ ಕೋರ್ಸ್ ಎಂದು ಹೆಸರಿಟ್ಟಿದ್ದರು.

ಬಸಣ್ಣ ಶುರು ಮಾಡಿದ. "ಕೀಲಿ ಹಾಕೂದು ಕಲಿಯಾಕ ಎರಡು ದಿನ ಬೇಕೇನ್ರೀ ಉಸ್ತಾದ್? ನಮ್ಮವ್ವ ದಿನಾ ಮುಂಜಾನೆ ಹಾಕಿ ಹೊಲಕ್ಕ ಹೋಗ್ತಾಳ. ಅಕೀನ ಕರಕೊಂಡು ಬರ್ಲೇನು, ಕಲಿಸಾಕ?"

ಎಲ್ಲರೂ ನಕ್ಕರು. ನಾನೂ ನಕ್ಕೆ.

"ಟೆಸ್ಟರ್ ಈಗಿಂದು ಹೇಳ್ತೈತಿ, ಬಸಣ್ಣ," ಉಸ್ತಾದ್ ಸಮಾಧಾನವಾಗಿಯೇ ಹೇಳಿದರು. "ಮುಂದಿನ ನಿಮಿಷದ್ದು ಹೇಳಂಗಿಲ್ಲ. ಕೀಲಿ ಹೇಳ್ತೈತಿ."

"ಸೋಲಾರ್ ಬಂದೈತ್ರೀ ಹೊಲಕ್ಕೊಂದು. ನಾವು ಕೀಲಿ ಹಿಡಕೊಂಡು ಕುಂತ್ರ ಹೊರಗಿನವ್ರು ಬಂದು ಕೆಲಸ ಮಾಡಕೊಂಡು ಹೋಗ್ತಾರ. ನಿಮ್ಮ ಎರಡು ಬೆರಳು ಹೋದ್ವು ಅಂತ ನಮ್ಮೆಲ್ಲಾರ ಕೈ ಕಟ್ಟಿಹಾಕಬ್ಯಾಡ್ರಿ."

ಮೂರು ಬೆರಳಿನ ಏಟು ಬಿತ್ತು. ಬಸಣ್ಣ ನಲವತ್ತು ದಾಟಿದವನು, ಮೈಯಲ್ಲಿ ಉಸ್ತಾದರಿಗಿಂತ ಎರಡು ಪಟ್ಟು. ಕುರ್ಚಿ ಎತ್ತಿ ಬೀಸಿದ. ಅದು ಉಸ್ತಾದರಿಗೆ ತಾಗದೆ ಕಿಟಕಿಯ ಗಾಜಿಗೆ ಬಡಿಯಿತು. ಇಬ್ಬರೂ ನೆಲಕ್ಕೆ ಬಿದ್ದರು. ಅಮರೇಶ ನಡುವೆ ಹೊಕ್ಕು ಅಣ್ಣನ ಕುತ್ತಿಗೆ ಹಿಡಿದು ಎಬ್ಬಿಸಿದ. ಗಾಜು ಹೊಕ್ಕು ಅವನ ಅಂಗೈಯಿಂದ ರಕ್ತ ಕರಪತ್ರಗಳ ಮೇಲೆ ತೊಟ್ಟಿಕ್ಕುತ್ತಿತ್ತು. ಆದರೂ ನಗುತ್ತಿದ್ದ. "ಏ, ಸಾಕ್ರೋ ಮಾರಾಯ್ರ! ಕೈ ಮುರಕೊಂಡ್ರ ಎತ್ತೂದು ಹ್ಯಾಂಗ? ವೋಟ್ ಹಾಕೂನು."

ಸಮಿತಿಯಲ್ಲಿ ಏಳು ಜನ. ಕೀಲಿಗೆ ಮೂರು ಕೈ, ಸೋಲಾರಿಗೆ ಮೂರು ಕೈ. ಸೋಲಾರಿಗೆ ಎತ್ತಿದವರಲ್ಲಿ ಬಸಣ್ಣನಿದ್ದ, ಅಮರೇಶನೂ ಇದ್ದ. ಉಳಿದವನು ನಾನು. ಉಸ್ತಾದರ ಜೊತೆ ಆ ಗಣಿಯವರ ಮನೆಗೆ ಹೋದವನು ನಾನೊಬ್ಬನೇ. ಕೀಲಿಯ ಪಾಠ ಸರಿಯೆಂದು ನನಗೆ ಗೊತ್ತಿತ್ತು. ಆದರೆ ಸಭೆಯಲ್ಲಿ ಒಬ್ಬ ಸಂಸಾರಸ್ಥ ಗಂಡಸಿನ ಕೆನ್ನೆಗೆ ಹೊಡೆದದ್ದನ್ನು ಆಗಷ್ಟೇ ನೋಡಿದ್ದೆ. ನನ್ನ ತುಟಿಯಲ್ಲಿ ಇನ್ನೂ ಗಂಟಿತ್ತು. ಸೋಲಾರಿಗೆ ಕೈ ಎತ್ತಿದೆ.

ಉಸ್ತಾದ್ ತಾವು ಬರೆದು ತಂದ ಹಾಳೆಯನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡರು. ಸೋಲಾರ್ ಕೋರ್ಸಿನ ಮೂರೂ ದಿನ ಬಂದು ಮೊದಲ ಸಾಲಿನಲ್ಲಿ ಕೂತರು. ಕಲಿಸುವವನ ಕೈ ಹಿಡಿದು ನೋಡಿ ನನ್ನ ಕಿವಿಯಲ್ಲಿ ಹೇಳಿದರು: "ಹತ್ತೂ ಅದಾವ. ಆದ್ರ ಉಗುರು ನೋಡು, ಕೆಲಸಾನ ಮಾಡಿಲ್ಲ ಮಗ." ಕೋರ್ಸ್ ಒಳ್ಳೆಯದೇ ಇತ್ತು, ಅದನ್ನು ಹೇಳಬೇಕು. ಅಮರೇಶ ಎಲ್ಲರಿಗಿಂತ ಮೊದಲ ನಂಬರ್ ಬಂದ.

ಇನ್ನು ಮುಂದಿನದನ್ನು ನಾನು ಪೊಲೀಸರಿಗೆ ಬರೆದುಕೊಟ್ಟ ಹಾಗೆಯೇ ಬರೆಯುತ್ತೇನೆ, ಕಂಡದ್ದು ಕಂಡಷ್ಟು.

ಕೋರ್ಸ್ ಮುಗಿದು ಎರಡು ತಿಂಗಳಾಗಿತ್ತು. ಭತ್ತದ ಸುಗ್ಗಿ. ಬಳಗಾನೂರು ದಾರಿಯ ಒಂದು ಅಕ್ಕಿ ಗಿರಣಿ. ಅದರ ಹಿಂದೆ ಕಾಲುವೆ ದಂಡೆಯ ಮೇಲೆ ನೀರೆತ್ತುವ ಮೋಟಾರ್. ಅದರ ಸ್ವಿಚ್ ಇನ್ನೂರು ಹೆಜ್ಜೆ ದೂರ, ಮಿಲ್ಲಿನ ಆಚೆ ಬದಿಯ ತಗಡಿನ ಶೆಡ್ಡಿನಲ್ಲಿ. ಶೆಡ್ಡಿನಲ್ಲಿದ್ದವನು ಹನುಮಂತ, ವಳಕಮದಿನ್ನಿಯವನು, ಆರು ವರ್ಷದಿಂದ ಅಲ್ಲೇ ಸ್ವಿಚ್ ನೋಡಿಕೊಳ್ಳುವ ಕೆಲಸ. ಮೋಟಾರಿನ ತಂತಿ ಬದಲಿಸಲು ಅಮರೇಶ ಬಂದಿದ್ದ, ಕೈಜೋಡಿಸಲು ನಾನು. ಹಗಲು ಮೂರು ಗಂಟೆ ಇರಬಹುದು.

ಅಮರೇಶ ಹನುಮಂತನಿಗೆ ಫೋನ್ ಹಚ್ಚಿದ. ಶೆಡ್ಡಿನೊಳಗೆ ಸಿಗ್ನಲ್ ಹೋಗಿ ಬಂದು ಮಾಡುತ್ತದೆ; ಫೋನ್ ಹೋಗಲಿಲ್ಲ. ಮತ್ತೆ ಹಚ್ಚಿದ. ಒಂದು ರಿಂಗ್ ಹೋಯಿತು, ಕಟ್ ಮಾಡಿದ. ಸ್ವಲ್ಪ ಹೊತ್ತಿನಲ್ಲಿ ಮೋಟಾರ್ ನಿಂತಿತು. ಅಮರೇಶ ಮುಚ್ಚಳ ತೆಗೆದು ಮೂರೂ ತಂತಿಗೆ ಟೆಸ್ಟ್ ಲ್ಯಾಂಪ್ ಹಿಡಿದ. ಬೆಳಗಲಿಲ್ಲ. ನನಗೂ ತೋರಿಸಿದ. ಎರಡು ನಟ್ಟು ಬಿಚ್ಚಿದ. ಮೂರನೆಯದು ತುಕ್ಕು ಹಿಡಿದಿತ್ತು. ಎಡಗೈಯಿಂದ ತಂತಿ ಹಿಡಿದು ಬಲಗೈಯಿಂದ ಸ್ಪ್ಯಾನರ್ ಒತ್ತುತ್ತಿದ್ದ.

ಅದೇ ಹೊತ್ತಿಗೆ, ಆಮೇಲೆ ಶೆಡ್ಡಿನಲ್ಲಿ ಅವನೇ ನನಗೆ ಹೇಳಿದಂತೆ, ಹನುಮಂತ ತಂಬಾಕು ಹಾಕಿಕೊಳ್ಳಲು ಶೆಡ್ಡಿನಿಂದ ಹೊರಗೆ ಬಂದಿದ್ದಾನೆ. ಬಯಲಿಗೆ ಬಂದ ಕೂಡಲೇ ಸಿಗ್ನಲ್ ಸಿಕ್ಕು ಫೋನ್ ಅಲುಗಿದೆ. ಮೊದಲು ತಲುಪದೇ ಹೋಗಿದ್ದ ಆ ಕರೆಯ ಸಂದೇಶ ಈಗ ಬಂದಿದೆ: ಅಮರೇಶನಿಂದ ಒಂದು ಮಿಸ್ ಕಾಲ್. ಮೊದಲನೆಯದಕ್ಕೆ ಬಂದ್ ಮಾಡಿಯಾಗಿದೆ, ಇದು ಎರಡನೆಯದು, ಕೆಲಸ ಮುಗಿಯಿತು ಎಂದುಕೊಂಡ. ಒಳಗೆ ಹೋಗಿ ಹಿಡಿ ಎತ್ತಿದ.

ಅಮರೇಶ ಕಿರುಚಲಿಲ್ಲ. ಗಂಟಲೊಳಗೆ ಬಿಗಿದ ಒಂದು ಸದ್ದು ಬಂತು, ಅದು ನಿಲ್ಲಲಿಲ್ಲ. ಎರಡೂ ಮುಷ್ಟಿ ಬಿಗಿದಿದ್ದವು. ಕುತ್ತಿಗೆಯ ನರ ಹಗ್ಗದಂತೆ ಎದ್ದಿದ್ದವು. ಕಣ್ಣು ನನ್ನ ಕಡೆಗೇ ಇದ್ದವು. ಮುಟ್ಟಬಾರದು ಎಂದು ನನ್ನ ಮೈಗೆ ಗೊತ್ತಿತ್ತು. ಕಾಲುವೆ ದಾಟಲು ಹಾಕಿದ್ದ ಹಲಗೆಯನ್ನು ಎಳೆದುಕೊಂಡು ಅವನ ಮುಂಗೈಗೆ ಹೊಡೆದೆ. ಬಿಡಲಿಲ್ಲ. ಮತ್ತೆ ಹೊಡೆದೆ. ಮೂರನೆಯ ಏಟಿಗೆ ಎಲುಬು ಮುರಿದದ್ದು ನನಗೆ ಕೇಳಿಸಿತು. ಕೈ ಬಿಟ್ಟು ಅಂಗಾತ ಕೆಸರಿಗೆ ಬಿದ್ದ. ಸುಟ್ಟ ಚರ್ಮದ ವಾಸನೆ. ಎದೆ ಒತ್ತಿದೆ. ಎಷ್ಟು ಹೊತ್ತು ಒತ್ತಿದೆನೋ ಗೊತ್ತಿಲ್ಲ. ಹಮಾಲರು ಬಂದು ಅವನನ್ನು ಗೂಡ್ಸ್ ಆಟೋಗೆ ಹಾಕಿಕೊಂಡು ಸಿಂಧನೂರಿಗೆ ಓಡಿದರು. ನಾನು ಶೆಡ್ಡಿಗೆ ಹೋಗಿ ಸ್ವಿಚ್ ಬಂದ್ ಮಾಡಿ ಅದರ ಮುಂದೆ ನಿಂತೆ. ಆಮೇಲೆ ಫೋನ್ ಬಂತು: ಅಮರೇಶನ ಜೀವ ದಾರಿಯಲ್ಲೇ ಹೋಗಿತ್ತು.

ಹನುಮಂತ ಓಡಿಹೋಗಲಿಲ್ಲ. "ನಾನ ಹಾಕಿದ್ನಿ, ನಾನ ಹಾಕಿದ್ನಿ" ಎಂದು ಎಲ್ಲರಿಗೂ ತಾನೇ ಹೇಳುತ್ತಿದ್ದ. ಅಷ್ಟರಲ್ಲಿ ಅಮರೇಶನ ಕಡೆಯವರು ಬಂದರು. ಹನುಮಂತನನ್ನು ತೂಕದ ಕಂಬಕ್ಕೆ ಚೀಲ ಕಟ್ಟುವ ಹಗ್ಗದಿಂದ ಬಿಗಿದರು. ಬೆಲ್ಟಿನಿಂದ ಹೊಡೆದರು, ಚಪ್ಪಲಿಯಿಂದ ಹೊಡೆದರು, ಒಬ್ಬ ಎರಡು ಹೆಜ್ಜೆ ಹಿಂದೆ ಹೋಗಿ ಓಡಿಬಂದು ಹೊಟ್ಟೆಗೆ ಒದ್ದ. ಎಡಗಣ್ಣು ಮುಚ್ಚಿತು. ಬಾಯಿಂದ ಜೊಲ್ಲೂ ರಕ್ತವೂ ಎದೆಯ ಮೇಲೆ ಇಳಿಯುತ್ತಿತ್ತು. ಬಸಣ್ಣ ಬಂದವನೇ ಯಾರ ಜೊತೆಗೂ ಮಾತಾಡದೆ ಗೋಡೆಗೆ ಒರಗಿಸಿದ್ದ ಕಬ್ಬಿಣದ ಪೈಪು ತೆಗೆದುಕೊಂಡ.

ನಾನು ಹತ್ತು ಹೆಜ್ಜೆ ದೂರದಲ್ಲಿದ್ದೆ. ಏನು ನಡೆಯಿತು ಎಂದು ಪೂರ್ತಿ ಗೊತ್ತಿದ್ದವನು ನಾನೊಬ್ಬ. ಬಾಯಿ ತೆರೆಯಲಿಲ್ಲ.

ಸುದ್ದಿ ಕೇಳಿ ಮಸ್ಕಿಯಿಂದ ಉಸ್ತಾದ್ ಬಂದದ್ದು ಆಗ. ಬೈಕನ್ನು ನಿಲ್ಲಿಸಲೂ ಇಲ್ಲ, ಕೈಬಿಟ್ಟರು, ಅದು ಬಿತ್ತು. ಜನರನ್ನು ಮೊಣಕೈಯಿಂದ ತಿವಿಯುತ್ತಾ ಒಳಗೆ ನುಗ್ಗಿ ಕಂಬಕ್ಕೂ ಬಸಣ್ಣನಿಗೂ ನಡುವೆ ನಿಂತರು.

"ಬಸಣ್ಣ, ಇವ ಮಿಸ್ ಕಾಲ್ ನೋಡಿ ಹಾಕ್ಯಾನ. ಆ ಮಿಸ್ ಕಾಲ್ ಇವಗ ಕಲಿಸಿದವ್ರು ನಾವು."

"ಬಾಜೂಕ ಸರೀರಿ ಉಸ್ತಾದ್."

"ಸರಿಯಂಗಿಲ್ಲ."

ಪೈಪು ಅವರ ದವಡೆಗೆ ಬಡಿಯಿತು. ಒಣ ಕಟ್ಟಿಗೆ ಸೀಳಿದಂಥ ಸದ್ದು. ಕೆಳಗೆ ಬೀಳದೆ ಹಿಂದಕ್ಕೆ ತಿರುಗಿ ಹನುಮಂತನನ್ನು ಕಂಬದ ಸಮೇತ ಎರಡೂ ಕೈಯಿಂದ ತಬ್ಬಿಕೊಂಡರು. ಎರಡನೆಯ ಏಟು ಅವರ ಹೆಗಲಿಗೆ ಬಿತ್ತು. ಕೈ ಬಿಡಲಿಲ್ಲ. ಪೈಪು ಮೂರನೆಯ ಸಲ ಮೇಲೆದ್ದಾಗ ನನ್ನ ಬಾಯಿಂದ ಮಾತು ಹೊರಟಿತು.

"ಕೀಲಿ ಬ್ಯಾಡಂತ ನಾನು ಕೈ ಎತ್ತಿದ್ನಿ, ಬಸಣ್ಣ. ನನ್ನ ಕೈಲೇ ಹೋಯ್ತು ಅದು. ನೀನೂ ಎತ್ತಿದಿ." ಮುಂದಿನದನ್ನು ಹೇಳಬಾರದಿತ್ತೇನೋ, ಹೇಳಿದೆ. "ಅಮರೇಶನೂ ಎತ್ತಿದ್ದ."

ಬಸಣ್ಣ ಪೈಪನ್ನು ಕೆಳಗಿಟ್ಟ. ಬಿಸಾಡಲಿಲ್ಲ, ಇಟ್ಟ. ಆಮೇಲೆ ನನ್ನ ಹತ್ತಿರ ಬಂದು ಬರಿಗೈಯಿಂದ ಹೊಡೆದ. ನಾನು ಬಿದ್ದೆ, ಎಬ್ಬಿಸಿ ಹೊಡೆದ. ಮುಖಕ್ಕೆ, ಎದೆಗೆ, ತೋಳು ಸೋಲುವವರೆಗೆ. ನಂತರ ಭತ್ತದ ಹೊಟ್ಟಿನ ರಾಶಿಯ ಮೇಲೆ ಕೂತು ತಮ್ಮನ ಹೆಸರು ಹಿಡಿದು ಕೂಗಿದ. ಯಾರೋ ಹನುಮಂತನ ಹಗ್ಗ ಬಿಚ್ಚಿದರು.

ಸಿಂಧನೂರಿನ ಆಸ್ಪತ್ರೆಯಲ್ಲಿ ಉಸ್ತಾದರ ದವಡೆಗೆ ತಂತಿ ಹಾಕಿ ಬಿಗಿದರು. ಒಂದೂವರೆ ತಿಂಗಳು ಮಾತಿಲ್ಲ, ಗಂಜಿ ಮಾತ್ರ. ಹೇಗಾಯಿತೆಂದು ಕೇಳಿದ ಪೊಲೀಸಿನವರಿಗೆ ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದರು: "ಬೈಕಿನಿಂದ ಬಿದ್ದೆ." ನಾನು ಕಂಡದ್ದನ್ನು ಕಂಡಂತೆ ಹೇಳುವವನು, ನನ್ನ ಹೇಳಿಕೆಯಲ್ಲಿ ಪೈಪನ್ನೂ ಬರೆದಿದ್ದೆ. ಅದಕ್ಕೆ ನನ್ನ ಕಡೆ ಗುರ್ರೆಂದು ನೋಡಿ ಇನ್ನೊಂದು ಚೀಟಿ ಬರೆದರು: "ನಿನಗೇನು ಕೆಲಸ ಇಲ್ಲೇನು?" ಮೂರನೆಯ ಚೀಟಿ: "ಈಗ ನನಗೂ ವೈರಿಂಗ್ ಆಗೈತಿ." ನಾಲ್ಕನೆಯದು: "ಕೋರ್ಸ್ ಯಾವಾಗ?"

ಈ ಸಲ ಕೈ ಎತ್ತುವ ಸಭೆ ನಡೆಯಲಿಲ್ಲ. ಚಾರ್ಜಿಂಗ್ ಸ್ಟೇಷನ್ ಕೋರ್ಸಿನ ಕರಪತ್ರ ಬಂದಿತ್ತು, ಯಾರೂ ಬಿಚ್ಚಿ ನೋಡಲಿಲ್ಲ. ಗಣಿಯ ಆ ಹಿರಿಯರಿಗೆ ನಾನು ಪತ್ರ ಬರೆದೆ. ಉಸ್ತಾದರದು ಒಂದೇ ಷರತ್ತು, ಚೀಟಿಯಲ್ಲಿ ಎರಡು ಗೆರೆ ಎಳೆದು ಬರೆದದ್ದು: "ಸ್ವಿಚ್ ಹತ್ತಿರ ನಿಲ್ಲೋರೂ ಬರಬೇಕು." ಅವರು ಸಂಘದ ಸದಸ್ಯರಲ್ಲ, ಪರವಾನಗಿ ಇಲ್ಲ ಎಂದು ಒಬ್ಬಿಬ್ಬರು ಗೊಣಗಿದರು. ಉಸ್ತಾದ್ ಮೂರನೆಯ ಗೆರೆ ಎಳೆದರು.

ಸ್ವಿಚ್ ಹತ್ತಿರ ನಿಲ್ಲುವವರು ಎಂದರೆ ಅದರಲ್ಲಿ ಹನುಮಂತನೂ ಸೇರಿದ. ಬಸಣ್ಣ ಆಸ್ಪತ್ರೆಗೆ ಬಂದು ಮಂಚದ ಕಾಲ ಬಳಿ ನಿಂತು ಹೇಳಿಹೋದ: "ನಿಮ್ಮ ಕಾಲು ಹಿಡಿತೀನ್ರೀ ಉಸ್ತಾದ್, ನಾ ಮಾಡಿದ್ದು ತಪ್ಪೈತಿ. ಆದ್ರ ಅವ ಅಲ್ಲಿ ಬಂದ್ರ ನಾ ಅವನ್ನ ಅಲ್ಲೇ ಮುಗಸ್ತೀನಿ. ಆಮ್ಯಾಲ ಏನಾರ ಆಗ್ಲಿ." ಹನುಮಂತನನ್ನು ಕರೆಯಲು ವಳಕಮದಿನ್ನಿಗೆ ನಾನು ಹೋದೆ. ಜಾಮೀನಿನ ಮೇಲೆ ಮನೆಗೆ ಬಂದಿದ್ದ, ಕೇಸು ಇನ್ನೂ ನಡೆದಿತ್ತು. "ನನ್ನ ಕೈ ಸ್ವಿಚ್ಚಿಗೆ ಹೋಗಂಗಿಲ್ರೀ," ಎಂದ. "ಮನ್ಯಾಗ ಲೈಟ್ ಸೈತ ನನ್ನ ಹೇಣ್ತಿ ಹಾಕ್ತಾಳ." ಬಸಣ್ಣ ಹೇಳಿದ್ದನ್ನೂ ಅವನಿಗೆ ಮುಚ್ಚಿಡದೆ ಹೇಳಿದೆ. "ಹಂಗಾದ್ರ ಬರ್ತೀನಿ," ಎಂದ.

ಸಿಂಧನೂರಿನ ಒಂದು ಹಳೆಯ ಹತ್ತಿ ಗೋದಾಮಿನಲ್ಲಿ ಪಾಠ. ಗೋಡೆಗೆ ಒಂದು ನಿಜವಾದ ಮೇನ್ ಸ್ವಿಚ್ ಕೂಡಿಸಿದ್ದರು, ಅದರಲ್ಲಿ ನಿಜವಾದ ಕರೆಂಟಿತ್ತು. ಮೂವತ್ತು ಜನ ನೆಲದ ಮೇಲೆ ಕೂತಿದ್ದೆವು. ದವಡೆಗೆ ಬಟ್ಟೆ ಕಟ್ಟಿಕೊಂಡು ಉಸ್ತಾದ್ ಮುಂದಿನ ಕುರ್ಚಿಯಲ್ಲಿ, ತೊಡೆಯ ಮೇಲೆ ಹೆಸರುಗಳ ಪಟ್ಟಿ. ಹನುಮಂತ ಕಿಟಕಿಯ ಕೆಳಗೆ ಒಬ್ಬನೇ. ಬಸಣ್ಣ ಒಳಗೆ ಬರದೆ ಬಾಗಿಲಲ್ಲೇ ನಿಂತ. ಅವನ ಪ್ಯಾಂಟಿನ ಹಿಂದಿನ ಕಿಸೆಯಲ್ಲಿ ಉದ್ದದ ಸ್ಕ್ರೂಡ್ರೈವರ್ ಇತ್ತು. ಅದು ಎಲ್ಲರ ಕಿಸೆಯಲ್ಲೂ ಇತ್ತು, ಆದರೆ ನಾನು ಅವನದನ್ನು ಮಾತ್ರ ನೋಡುತ್ತಿದ್ದೆ.

ಗಣಿಯ ಹಿರಿಯರು ವಿಧಾನ ತೋರಿಸಿ ಮುಗಿಸಿ ಹೇಳಿದರು: "ಈಗ ಇಬ್ಬಿಬ್ಬರಾಗಿ ಬರ್ರಿ. ಒಬ್ರು ಕೆಲಸ ಮಾಡೋರು, ಒಬ್ರು ಸ್ವಿಚ್ಚಿನವ್ರು."

ಉಸ್ತಾದ್ ಬಸಣ್ಣನ ಕಡೆ ಬೆರಳು ತೋರಿಸಿದರು. ಆಮೇಲೆ ಹನುಮಂತನ ಕಡೆ.

ಹನುಮಂತ ಗೋಡೆ ಹಿಡಿದು ಎದ್ದು ಸ್ವಿಚ್ಚಿನ ಪಕ್ಕ ಹೋಗಿ ನಿಂತ. ಬಸಣ್ಣ ಬಾಗಿಲಿನಿಂದ ಸೀದಾ ಅವನ ಕಡೆ ನಡೆದ. ಎರಡು ಅಡಿ ದೂರದಲ್ಲಿ ನಿಂತು ಅವನ ಮುಖವನ್ನು, ಇನ್ನೂ ಸರಿಯಾಗಿ ತೆರೆಯದ ಎಡಗಣ್ಣನ್ನು ನೋಡಿದ. ಅವನ ಕೈ ಹಿಂದಿನ ಕಿಸೆಗೆ ಹೋಯಿತು. ನಾನು ಎದ್ದು ನಿಂತೆ. ಉಸ್ತಾದ್ ನನ್ನ ಅಂಗಿ ಹಿಡಿದು ಕೆಳಕ್ಕೆ ಎಳೆದರು.

ಬಸಣ್ಣ ಸ್ವಿಚ್ಚಿನ ಹಿಡಿಯನ್ನು ಕೆಳಗೆ ಇಳಿಸಿದ. ಆ ಕಿಸೆಯಿಂದ ತೆಗೆದ ಕೀಲಿ ಜಡಿದ. ಕೀಲಿಕೈಯನ್ನು ಎದೆಯ ಕಿಸೆಗೆ ಹಾಕಿಕೊಂಡ.

"ಎತ್ತಲೇ," ಎಂದ.

"ನನ್ನಿಂದ ಆಗಂಗಿಲ್ಲಣ್ಣ."

"ಎತ್ತು ಅಂದ್ನಲ್ಲ."

ಹನುಮಂತ ಕಣ್ಣು ಮುಚ್ಚಿ ಒಂದು ಕೈಯಿಂದ ಹಿಡಿಯನ್ನು ಮೇಲಕ್ಕೆ ದೂಡಿದ. ಕೀಲಿ ತಗಡಿಗೆ ಬಡಿಯಿತು. ಹಿಡಿ ಏಳಲಿಲ್ಲ.

"ಮೆಲ್ಲಕ ಎತ್ತಬ್ಯಾಡ. ಅವತ್ತು ಎತ್ತಿದಂಗ ಎತ್ತು."

ಹನುಮಂತ ಎರಡೂ ಕೈ ಹಚ್ಚಿದ. ಕಾಲು ಊರಿ, ಹೆಗಲು ಕೊಟ್ಟು, ಅಳುತ್ತಾ ದೂಡಿದ. ತಗಡು ಕಿರುಗುಟ್ಟಿತು. ಹಿಡಿ ಏಳಲಿಲ್ಲ. ಬಸಣ್ಣ ಟೆಸ್ಟ್ ಲ್ಯಾಂಪ್ ತೆಗೆದುಕೊಂಡು ತಂತಿಗೆ ಹಿಡಿದ, ಬೆಳಗಲಿಲ್ಲ. ಲ್ಯಾಂಪನ್ನು ಕೆಳಗಿಟ್ಟು ಒಂದು ಕೈಯನ್ನು ಪೆಟ್ಟಿಗೆಯೊಳಗೆ ಹಾಕಿ ಬರಿ ತಾಮ್ರವನ್ನು ಮುಷ್ಟಿಯಲ್ಲಿ ಹಿಡಿದ. ಹಿಡಿದುಕೊಂಡೇ ಹನುಮಂತನ ಕಡೆ ತಿರುಗಿದ.

"ಈಗ ಇನ್ನೊಮ್ಮಿ."

ಗಣಿಯ ಹಿರಿಯರು ಬೇಡವೆಂದು ಕೈ ಎತ್ತಿದರು. ಬಸಣ್ಣ ಅವರ ಕಡೆ ನೋಡಲಿಲ್ಲ. ಹನುಮಂತ ಬಸಣ್ಣನ ಮುಷ್ಟಿಯನ್ನೇ ನೋಡುತ್ತಾ ಹಿಡಿಯ ಕೆಳಗೆ ಅಂಗೈ ಇಟ್ಟ. ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಎತ್ತಿದ.

ಕೀಲಿ ತಡೆಯಿತು. ಬಸಣ್ಣ ಮುಷ್ಟಿ ಬಿಚ್ಚಿ ಕೈ ಹೊರಗೆ ತೆಗೆದ. ಇಬ್ಬರೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದರು. ಉಸ್ತಾದ್ ತೊಡೆಯ ಮೇಲಿನ ಪಟ್ಟಿಗೆ ಬಗ್ಗಿ, ಮುಂದಿನ ಹೆಸರಾದ ನನ್ನ ಹೆಸರಿನ ಮೇಲೆ ಬೆರಳಿಟ್ಟು, ನನ್ನ ಕಡೆ ನೋಡಿದರು.